ಹೊಳೆ ಒಯ್ದ ಶಟರ್

“ಇದು ನಮ್ಮನಿ ಶಟರ್, ಬಿಚ್ಚಿ ಕೊಡು” ಎಂದು ಆ ಗುಡಿಸಲಿನ ಛಾವಣಿಗೆ ಕೈ ಹಾಕಿದೆ. ಒಳಗಿಂದ ಹೆಣ್ಣುಮಗಳೊಬ್ಬಳು ಕುಡಗೋಲು ಹಿಡಿದೇ ಹೊರಬಂದಳು.

ಹಿಂದಿನ ಮಳೆಗಾಲದಲ್ಲಿ ಬೋರಿ ಹೊಳೆ ಕುರನೂರಿನ ನಮ್ಮ ಹಳೆಯ ಮನೆಗೆ ನುಗ್ಗಿ, ಟೆಂಪೋ ನಿಲ್ಲಿಸುವ ಕೋಣೆಯ ಶಟರನ್ನೇ ಕಿತ್ತೊಯ್ದಿತ್ತು. ಆ ಅಳತೆಯ ಶಟರ್ ಸೊಲ್ಲಾಪುರದ ಗುಜರಿಯಲ್ಲೂ ಸಿಗಲಿಲ್ಲ. ಅಕ್ಕಲಕೋಟೆಯಲ್ಲಿ ಬಸ್ಸಿಳಿದು ಹೊಳೆದಂಡೆ ಹಿಡಿದು ಊರಿಗೆ ಬರುವಾಗ, ಗುಡಿಸಲಿನ ಮೇಲೆ ಹೊದಿಸಿದ್ದ ಇದು ಕಣ್ಣಿಗೆ ಬಿತ್ತು. ಮತ್ತೆ ಮೋಡ ಕಟ್ಟಿತ್ತು.

“ನನ್ನ ಹೆಸರೈತಿ ನೋಡು, ನಾನ ಬರದೀನಿ” ಎಂದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೂ ಬಣ್ಣದಲ್ಲಿ ದೊಡ್ಡದಾಗಿಯೇ ಬರೆದಿದ್ದೆ.

“ನನಗ ಓದಾಕ ಬರಂಗಿಲ್ರಿ ಅಣ್ಣಾ. ನನ್ನ ಮನಿ ಒಯ್ದ ಹೊಳೀನ ಇದನ್ನ ಜಾಲಿಗಿಡದಾಗ ಬಿಟ್ಟು ಹೋತು, ನಾ ಕದ್ದಿಲ್ಲ. ಬಿಚ್ಚೂದಾದ್ರ ಬಿಚ್ರಿ. ಮೊದಲ ಒಳಗ ಮಲಗಿದ ನಮ್ಮತ್ತೀನ ಎತ್ತಿ ಬಯಲಾಗ ಇಡ್ರಿ.”

ತಗಡಿನ ಮೇಲೆ ಹನಿ ಸಪ್ಪಳವಾಯಿತು. ನಾನು ಕೈ ತೆಗೆದೆ. ಆಕೆ ಕುಡಗೋಲಿನ ಬೆನ್ನಿನಿಂದ ಬಡಿದು, ಕೆಳಪಟ್ಟಿಯ ಎರಡು ಕೊಂಡಿ ಕಳಚಿ ನನ್ನ ಕೈಗಿಟ್ಟಳು. “ಛಾವಣಿಗೆ ಕೊಂಡಿ ಯಾಕ್ರಿ? ಇವನ್ನ ಒಯ್ರಿ. ನಿಮ್ಮ ಹೆಸರು ನಮ್ಮ ತಲೀ ಮ್ಯಾಲಿರ್ಲಿ.”

ಆ ಕೋಣೆಗೆ ಈಗ ಬೇವಿನ ಹಲಗೆಯ ಬಾಗಿಲು ಮಾಡಿದ್ದೇನೆ, ಕೊಂಡಿಗಳು ಅವೇ. ಹೆಸರನ್ನು ಮಾತ್ರ ಮತ್ತೆ ಬರೆದಿಲ್ಲ. ಅದು ಹೊಳೆದಂಡೆಯಲ್ಲಿ ಒಂದು ಮನೆಯ ಮೇಲಿದೆ.