ಬಕಾರ ಬಿಟ್ಟ ಇತಿಹಾಸ

ನನ್ನ ಗಂಡನಿಗೆ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಮಾಡಲಿಕ್ಕೆ ಒಂದು ಕೆಲಸ ಇತ್ತು. ಇದೇ ತಾರೀಕಿಗೆ ಹಿಂದಿನ ಕಾಲದಲ್ಲಿ ಯಾವ ಸಂಗೀತಗಾರ ಹುಟ್ಟಿದ, ಯಾವ ಹಾಡುಗಾರ ಸತ್ತ, ಯಾವ ರಾಜ ಯಾರ ಮೇಲೆ ದಂಡೆತ್ತಿ ಹೋದ ಅಂತ ಮೊಬೈಲಿನಲ್ಲಿ ಹುಡುಕಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದು. ಅದನ್ನು ಯಾರೂ ಓದುತ್ತಿರಲಿಲ್ಲ. ಮಂಗಳೂರಿನ ಒಬ್ಬ ಚಿಕ್ಕಪ್ಪ ಮಾತ್ರ ತಪ್ಪದೆ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಹುಟ್ಟಿದವರಿಗೂ ಅದೇ, ಸತ್ತವರಿಗೂ ಅದೇ.

ಗುಂಪಿಗೆ ಹಾಕಿ ಸುಮ್ಮನಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ನಾನು ಒಂದು ಕೈಯಲ್ಲಿ ದೋಸೆ ಮಗುಚುತ್ತಾ ಇನ್ನೊಂದು ಕೈಯಲ್ಲಿ ಮಗಳ ಟಿಫಿನ್ ಡಬ್ಬ ಮುಚ್ಚುತ್ತಿರುವಾಗ ಈ ಮಾರಾಯ ಅಡುಗೆಮನೆಯ ಬಾಗಿಲಿಗೆ ಬಂದು, "ಕೇಳಿದೆಯಾ, ಇವತ್ತಿಗೆ ಸರಿಯಾಗಿ ನೂರು ವರ್ಷದ ಹಿಂದೆ..." ಅಂತ ಶುರು ಮಾಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನೂರು ವರ್ಷದ ಹಿಂದಿನದ್ದು ಹಾಗಿರಲಿ, ನಿನ್ನೆ ಖಾಲಿಯಾದ ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಿದ್ದೀಯಾ ಅಂತ ಕೇಳಿದರೆ ಮತ್ತೆ ಮೊಬೈಲಿಗೆ ಮುಖ ಹಾಕುತ್ತಿದ್ದ. ಊರಲ್ಲಿ ಮದುವೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವನು, ದುಬೈಗೆ ಬಂದು ಹೋಟೆಲಿನ ರಿಸೆಪ್ಶನ್ನಿನಲ್ಲಿ ನಿಂತ ಮೇಲೆ ಊದಲಿಕ್ಕೆ ಏನೂ ಇಲ್ಲದೆ ಇತಿಹಾಸ ಊದುತ್ತಿದ್ದ.

ಅಲ್ ಮುರಕ್ಕಬಾತಿನ ಒಂದೇ ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾವು ಮೂವರು. ಮಗಳು ಊದ್ ಮೇಥಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಐದನೆಯ ಕ್ಲಾಸು. ನಮ್ಮ ಪದ್ಧತಿಯಂತೆ ಮೊದಲ ಹೆಣ್ಣುಮಗುವಿಗೆ ಗಂಡನ ತಾಯಿಯ ಹೆಸರನ್ನೇ ಇಟ್ಟಿದ್ದೆವು. ಅವಳು ಮಾತಾಡುವಾಗ ತಡವರಿಸುತ್ತಿದ್ದಳು. ಎಲ್ಲ ಅಕ್ಷರಕ್ಕೂ ಅಲ್ಲ. ಮ, ವ, ಸ ಎಲ್ಲ ನೀರಿನ ಹಾಗೆ ಬರುತ್ತಿತ್ತು. ಪ, ಕ ಬಂದರೆ ಕಷ್ಟ. ಬ ಬಂದರಂತೂ ತುಟಿ ಮುಚ್ಚಿದ್ದು ತೆರೆಯುತ್ತಲೇ ಇರಲಿಲ್ಲ. ಕಣ್ಣು ಕೆಂಪಾಗಿ, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಹಾಡುವಾಗ ಮಾತ್ರ ಏನೂ ಇಲ್ಲ! ಚರ್ಚಿನ ಕ್ವಾಯರಿನಲ್ಲಿ ಗಂಟಲು ಬಿಟ್ಟು ಹಾಡುತ್ತಿದ್ದಳು.

ಉಪದೇಶಕ್ಕೇನು ಬರಗಾಲವೇ? ಅತ್ತೆ ಫೋನಿನಲ್ಲಿ, "ಬಜೆ ತೇದು ನಾಲಿಗೆಗೆ ಹಚ್ಚು" ಅಂದರು. ಪಕ್ಕದ ಫ್ಲ್ಯಾಟಿನವರು ಬಾಯಿಗೆ ಕಲ್ಲುಸಕ್ಕರೆ ಇಟ್ಟು ಓದಿಸಿ ಅಂದರು. ಸ್ಪೀಚ್ ಥೆರಪಿಯ ಮೇಡಂ ಹೇಳಿದ್ದು ಒಂದೇ: "ಅವಳ ಮಾತನ್ನು ನೀವು ಮುಗಿಸಬೇಡಿ." ಹೇಳುವುದು ಸುಲಭ. ಸ್ಕೂಲ್ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿರುತ್ತದೆ, ನನಗೆ ಜುಮೇರಾ ಲೇಕ್ ಟವರ್ಸಿನ ಆಫೀಸಿಗೆ ಮೆಟ್ರೋ ಹಿಡಿಯಬೇಕು, ಇವಳು ತಟ್ಟೆಯ ಮುಂದೆ ಕೂತು "ಬ್... ಬ್..." ಅನ್ನುತ್ತಿರುತ್ತಾಳೆ. "ಬಟರ್ ತಾನೇ? ತಗೋ, ಯಲ್ಲಾ, ಬೇಗ ತಿನ್ನು" ಅಂತ ದೋಸೆಯ ಮೇಲೆ ಒಂದು ಮುದ್ದೆ ಬೆಣ್ಣೆ ಹಾಕಿಬಿಡುತ್ತಿದ್ದೆ. ಕೆಲಸ ಖಲಾಸ್.

ಇಂಥ ಹುಡುಗಿ ಒಂದು ದಿನ ಬಂದು, ಡಿಸೆಂಬರ್ ಹದಿನಾರಕ್ಕೆ ಅಸೆಂಬ್ಲಿಯಲ್ಲಿ 'ಆನ್ ದಿಸ್ ಡೇ' ಓದುವವಳು ತಾನೇ ಅಂದಳು. ಮಿಸ್ ಯಾರು ಓದುತ್ತೀರಿ ಅಂತ ಕೇಳಿದಾಗ ಇವಳೇ ಕೈ ಎತ್ತಿದ್ದಂತೆ. ಕೇಜಿಯಿಂದ ಆ ಸ್ಕೂಲಿನಲ್ಲಿದ್ದರೂ ಮೈಕಿನ ಹತ್ತಿರ ಸುಳಿದವಳಲ್ಲ. ಕ್ಲಾಸಿನಲ್ಲಿ ಇಬ್ಬರು ಇವಳ ಹಾಗೆ ಮಾತಾಡಿ ತೋರಿಸಿ ನಗಾಡುತ್ತಾರೆ ಅಂತಲೂ ನನಗೆ ಗೊತ್ತಿತ್ತು. "ಇದೊಂದು ಸಲ ಮಮ್ಮಿ. ಇದಾಗದಿದ್ದರೆ ಇನ್ನು ಯಾವತ್ತೂ ಕೈ ಎತ್ತುವುದಿಲ್ಲ" ಅಂದಳು, ಇಂಗ್ಲಿಷಿನಲ್ಲಿ, ನಿಧಾನಕ್ಕೆ. ಗಂಡನ ಮುಖವಂತೂ ಹಬ್ಬದ ಹಾಗೆ ಅರಳಿತು. ಅವನ ಇತಿಹಾಸಕ್ಕೆ ಕೊನೆಗೂ ಒಂದು ಗಿರಾಕಿ ಸಿಕ್ಕಿತಲ್ಲ!

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ರಗಳೆ. ಅಪ್ಪ ಮಗಳು ಸೇರಿ ಜಗತ್ತಿನ ಇತಿಹಾಸವನ್ನು ಅಕ್ಕಿ ಆರಿಸಿದಂತೆ ಆರಿಸಲಿಕ್ಕೆ ಕೂತರು. ನಿಯಮ ಒಂದೇ: ಅವಳ ಬಾಯಿಗೆ ಬಾರದ ಅಕ್ಷರ ಇರಬಾರದು. ಹಡಗಿನಿಂದ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಅಮೆರಿಕದ ಪಟ್ಟಣದ ಹೆಸರು ಬಕಾರದ್ದು, ಹೋಯಿತು. ಹಂಗೇರಿಯ ಸಂಗೀತಗಾರನೊಬ್ಬ ಅದೇ ದಿನ ಹುಟ್ಟಿದ್ದ, ಅವನದು ಕಕಾರ, ಹೋಯಿತು. ಕಜಕಸ್ತಾನ್ ಸ್ವತಂತ್ರವಾದ ದಿನವಂತೆ. ದೇಶಕ್ಕೆ ದೇಶವೇ ಖಲಾಸ್! ಕೊನೆಗೆ ಬಹರೈನಿನ ರಾಷ್ಟ್ರೀಯ ದಿನ ಬಂತು. "ಗಲ್ಫಿನಲ್ಲಿದ್ದುಕೊಂಡು ಅದನ್ನು ಬಿಡುವುದುಂಟಾ?" ಅಂತ ನಾನು ಕೇಳಿದ್ದಕ್ಕೆ ಗಂಡ ತಲೆ ಕೆರೆದು, "ನಮ್ಮ ನೆರೆಯ ದ್ವೀಪ ಅಂದರಾಯಿತು" ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಂತೂ ನಾಲ್ಕು ಸಾಲು ಸಿದ್ಧವಾಯಿತು. ಸ್ನಾನಕ್ಕೆ ಹೋಗುವಾಗ, ಲಿಫ್ಟಿನಲ್ಲಿ, ಚರ್ಚಿನಿಂದ ಬರುವ ಟ್ಯಾಕ್ಸಿಯಲ್ಲಿ, ಎಲ್ಲೆಂದರಲ್ಲಿ ಅದೇ ಪಾಠ. ನೆರೆಯ ದ್ವೀಪ ಅಂತ ಕೇಳಿದರೆ ನನಗೆ ತಲೆನೋವು ಬರುವ ಹಾಗಾಗಿತ್ತು. ಆದರೆ ಅವಳು ಒಮ್ಮೆಯೂ ನಿಲ್ಲದೆ ಹೇಳಲಿಕ್ಕೆ ಕಲಿತಿದ್ದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹದಿನಾರರ ಬೆಳಿಗ್ಗೆ ಮಳೆ! ವರ್ಷಕ್ಕೆ ನಾಲ್ಕು ಹನಿ ಬೀಳುವ ಊರಿನಲ್ಲಿ ಅವತ್ತೇ ಆಕಾಶ ಕಳಚಿ ಬೀಳಬೇಕಾ? ರಸ್ತೆಯಲ್ಲಿ ನೀರು ನಿಂತು ಕಾರುಗಳೆಲ್ಲ ದೋಣಿಯಂತಾದವು. ಸ್ಕೂಲಿಗೆ ರಜೆ ಅಂತ ಮೆಸೇಜು ಬಂತು. ಯೂನಿಫಾರ್ಮ್ ಹಾಕಿ, ಶೂಸಿನ ಲೇಸು ಕಟ್ಟಿ ಕೂತಿದ್ದ ಮಗಳು ಸೋಫಾದಿಂದ ಏಳಲೇ ಇಲ್ಲ.

ಮಿಸ್ಸಿಗೆ ಫೋನ್ ಮಾಡಿದೆ. ಒಳ್ಳೆಯ ಹೆಂಗಸೇ. "ಅಸೆಂಬ್ಲಿ ನಾಳೆ ಇದೆ ಮೇಡಂ, ಕ್ರಿಸ್ಮಸ್ ರಜೆಗೆ ಮೊದಲು ಅದೇ ಕೊನೆಯದ್ದು, ನಾಡಿದ್ದು ಬರೀ ಕ್ಲಾಸು. ಆದರೆ ಇವತ್ತಿನದ್ದನ್ನು ನಾಳೆ ಓದಲಿಕ್ಕಾಗುವುದಿಲ್ಲವಲ್ಲ, 'ಆನ್ ದಿಸ್ ಡೇ' ಅಲ್ಲವಾ? ಹದಿನೇಳರದ್ದು ಬೇಕು. ಕಷ್ಟವಾದರೆ ಬೇರೆ ಮಗುವಿಗೆ ಕೊಡುತ್ತೇನೆ, ಅವಳಿಗೆ ಯಾಕೆ ಸುಮ್ಮನೆ ಟೆನ್ಶನ್?"

"ಬೇರೆಯವರಿಗೆ ಕೊಡಬೇಡಿ" ಅಂದೆ. ನನ್ನ ಸ್ವರ ಯಾಕೆ ಅಷ್ಟು ಏರಿತೋ ಗೊತ್ತಿಲ್ಲ.

ಇತಿಹಾಸತಜ್ಞರಿಗೆ ಫೋನ್ ಮಾಡಿದರೆ, ಹೋಟೆಲಿನ ಬೇಸ್‌ಮೆಂಟಿನಲ್ಲಿ ನೀರು ನುಗ್ಗಿ ಗೆಸ್ಟುಗಳ ಕಾರೆಲ್ಲ ಮುಳುಗುತ್ತಿದೆ, ಎರಡನೆಯ ಶಿಫ್ಟೂ ತಾನೇ ಮಾಡಬೇಕು ಅಂದ. ಬೇಡದ ದಿನವೆಲ್ಲ ಬಾಗಿಲಿಗೆ ಬಂದು ಇತಿಹಾಸ ಹೇಳಿದವನು ಬೇಕಾದ ದಿನ ಮಾಫಿ, ಆಸಾಮಿಯೇ ಇಲ್ಲ! ಆಫೀಸಿಗೂ ಹೋಗಲಿಕ್ಕಾಗದೆ ನಾನೇ ಮೊಬೈಲು ಹಿಡಿದು ಮಗಳ ಪಕ್ಕ ಕೂತೆ.

ಹದಿನೇಳು ಅಂದರೆ ಮನುಷ್ಯ ಮೊದಲ ಸಲ ಇಂಜಿನ್ನಿನ ವಿಮಾನ ಹಾರಿಸಿದ ದಿನ. ಒಳ್ಳೆಯದಾಯಿತು, ಹಾರುವ ಅಕ್ಷರಗಳೆಲ್ಲ ಅವಳಿಗೆ ಬರುತ್ತವೆ. ಭೂತಾನಿನ ರಾಷ್ಟ್ರೀಯ ದಿನ, ಇಂಗ್ಲಿಷಿನಲ್ಲಿ ಅದೂ ಬಿ. ಈ ದೇಶಗಳಿಗೆಲ್ಲ ಬಕಾರವೇ ಬೇಕಾ ಮಾರಾಯ್ರೆ? ತೆಗೆದೆ. ಒಬ್ಬ ಸಂಗೀತಗಾರ ಅರ್ಧ ಬರೆದು ಬಿಟ್ಟ ಸಂಗೀತವನ್ನು ಅವನು ಸತ್ತು ಎಷ್ಟೋ ವರ್ಷದ ಮೇಲೆ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ ದಿನ. ಇರಲಿ. ಆಮೇಲೆ ಬಂದವನು, ಕಿವಿ ಕೇಳದೆ ಹೋದ ಮೇಲೂ ಸಂಗೀತ ಬರೆದ ಆ ಜರ್ಮನಿಯವನು. ಬಕಾರ! ತೆಗೆಯಲಿಕ್ಕೆ ಹೋದರೆ ಮಗಳು ನನ್ನ ಕೈ ಹಿಡಿದಳು.

"ನಾಟ್ ಹಿಮ್."

ಅವನದ್ದೊಂದು ಪುಟ್ಟ ರಾಗವನ್ನು ಅವಳು ಕೀಬೋರ್ಡಿನಲ್ಲಿ ನುಡಿಸುತ್ತಿದ್ದಳು. "ಅವನು ನಾಳೆ ಹುಟ್ಟಿದ್ದಾ?" ಅಂತ ಕೇಳಿದಳು.

"ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲವಂತೆ. ಜ್ಞಾನಸ್ನಾನವಾದ ದಿನ ಮಾತ್ರ ಗೊತ್ತು, ಅದು ಹದಿನೇಳು."

"ಅಂದರೆ ಹೆಸರಿಟ್ಟ ದಿನ."

"ಹೌದು. ಹಾಗಾದರೆ 'ಕಿವಿ ಕೇಳದ ಸಂಗೀತಗಾರ' ಅಂತ ಓದು. ಹೆಸರು ಹೇಳುವುದು ಬೇಡ."

ಅವಳು ನನ್ನನ್ನೇ ನೋಡಿದಳು. "ಹೆಸರಿಟ್ಟ ದಿನ ಅಂತ ಹೇಳಿ, ಹೆಸರು ಹೇಳದಿದ್ದರೆ ಹೇಗೆ ಮಮ್ಮಿ?"

ಅಪ್ಪನದ್ದೇ ಹಟ. ಹೇಳಿದೆ, ಬೈದೆ, ಕೊನೆಗೆ "ಏನು ಬೇಕಾದರೂ ಮಾಡು" ಅಂದೆ. ಅವಳು ಕಿಟಕಿಯ ಹತ್ತಿರ ನಿಂತು ಆ ಹೆಸರನ್ನು ಮಳೆಗೆ ಹೇಳಿ ಹೇಳಿ ಅಭ್ಯಾಸ ಮಾಡಿದಳು. ಕೆಲವು ಸಲ ಬಂತು, ಕೆಲವು ಸಲ ಬರಲಿಲ್ಲ.

ಮರುದಿನ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ನಾನೇ ಅವಳನ್ನು ಸ್ಕೂಲಿಗೆ ಬಿಟ್ಟೆ. ಗೇಟಿನ ಸೆಕ್ಯುರಿಟಿ ಒಳಗೆ ಬಿಡಲಿಲ್ಲ. ಗೋಡೆಯ ಆಚೆ ಸ್ಪೀಕರ್ ಕೇಳಿಸುತ್ತಿತ್ತು, ಅಲ್ಲೇ ಕೆಸರುನೀರಿನ ಪಕ್ಕ ನಿಂತುಕೊಂಡೆ. ಪ್ರಾರ್ಥನೆ ಆಯಿತು, ಎರಡು ದೇಶದ ರಾಷ್ಟ್ರಗೀತೆ ಆಯಿತು. ವಿಮಾನ ಸರಿ, ವಿಯೆನ್ನಾ ಸರಿ, ಆ ಕಿವುಡನೊಬ್ಬನನ್ನು ದಾಟಿದರೆ ಸಾಕು ದೇವರೇ ಅಂತ ನಾನು ಜಪಮಾಲೆ ಹಿಡಿದಿದ್ದೆ.

"ಗುಡ್ ಮಾರ್ನಿಂಗ್. ಐ ಆಮ್..." ಅಂತ ಮಗಳ ಸ್ವರ ಬಂತು. ಆಮೇಲೆ ಏನೂ ಇಲ್ಲ.

ಅಯ್ಯೋ ದೇವರೇ! ಅತ್ತೆಯ ಹೆಸರು! ಬಹರೈನನ್ನು ಬಿಟ್ಟೆವು, ಭೂತಾನನ್ನು ಬಿಟ್ಟೆವು, ಇಡೀ ಪ್ರಪಂಚದ ಇತಿಹಾಸದಿಂದ ಬಕಾರ ಹೆಕ್ಕಿ ತೆಗೆದೆವು. ಇವಳ ಹೆಸರೇ ಬಕಾರದಿಂದ ಶುರುವಾಗುವುದು ಅಪ್ಪನಿಗೂ ನೆನಪಾಗಲಿಲ್ಲ, ಅಮ್ಮನಿಗೂ ನೆನಪಾಗಲಿಲ್ಲ. ಎಂಥ ದಂಡಪಿಂಡಗಳು ನಾವು! ಮನೆಯಲ್ಲಿ ಅವಳಿಗೆ ತನ್ನ ಹೆಸರು ಹೇಳುವ ಕೆಲಸವೇ ಬರುತ್ತಿರಲಿಲ್ಲವಲ್ಲ, ಕರೆಯುವವರೇ ನಾವು.

ಸ್ಪೀಕರಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಎಲ್ಲೋ ಒಂದು ಕಡೆ ಕಿಸಕ್ಕನೆ ನಗು. ನಾನು ಗೋಡೆಗೆ ಮುಖ ಮಾಡಿ ಅವಳ ಹೆಸರನ್ನು ಹೇಳುತ್ತಿದ್ದೆ, ಒಂದು ಸಲ, ಇನ್ನೊಂದು ಸಲ. ಸೆಕ್ಯುರಿಟಿಯವನು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಒಳಗೆ ಮಿಸ್ಸಿಗೂ ತಡೆಯಲಿಲ್ಲ, ಮೈಕಿನ ಹತ್ತಿರ ಬಂದು ಅವಳ ಹೆಸರಿನ ಮೊದಲ ಅಕ್ಷರ ಎತ್ತಿಕೊಟ್ಟರು.

"ವೇಟ್, ಮಿಸ್" ಅಂದಳು ನನ್ನ ಮಗಳು. ಸಾವಿರ ಮಕ್ಕಳ ಎದುರು, ಮೈಕಿನಲ್ಲಿ. "ಐ ವಿಲ್ ಸೇ."

ನನ್ನ ಬಾಯಿಯೂ ಮುಚ್ಚಿಹೋಯಿತು. ಆಮೇಲೆ ತುಂಬಿದ ಕೊಡ ಹೊತ್ತವರು ಮೆಟ್ಟಿಲು ಹತ್ತಿದ ಹಾಗೆ ಅವಳ ಹೆಸರು ಮೆಲ್ಲಗೆ ಬಂತು, ಪೂರ್ತಿ ಬಂತು. ವಿಮಾನ ಹಾರಿತು. ವಿಯೆನ್ನಾದಲ್ಲಿ ಅರ್ಧದ ಸಂಗೀತ ಮೊಳಗಿತು. ಕಿವುಡನ ಹೆಸರಿಗೆ ಮತ್ತೆ ನಿಂತಳು, ಈ ಸಲ ಯಾರೂ ನಗಲಿಲ್ಲ, ಅದನ್ನೂ ಹೇಳಿ ಮುಗಿಸಿದಳು. ನಾನು ಗೋಡೆಯ ಹೊರಗೆ ಮೂಗೊರೆಸಿಕೊಂಡು ಮೆಟ್ರೋ ಹತ್ತಿದೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಗಡಿಬಿಡಿ. ಗಂಡ ಬಾಗಿಲಿಗೆ ಬಂದು ಹದಿನೆಂಟನೆಯ ತಾರೀಕು ಶುರು ಮಾಡಿದ್ದ, ಕಾವಲಿಯ ಮೇಲೆ ದೋಸೆ ಇತ್ತು, ಕೆಳಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮಗಳು ತಟ್ಟೆಯ ಮುಂದೆ "ಬ್... ಬ್..." ಅಂದಳು. ಬಟರ್ ಅಂತ ನನಗೆ ಗೊತ್ತು. ಚಮಚ ತುಂಬಿಸಿ ಹಿಡಿದಿದ್ದೆ. ನಾಲಿಗೆ ಕಚ್ಚಿಕೊಂಡು ನಿಂತೆ, ಗಂಡನಿಗೂ ಸುಮ್ಮನಿರು ಅಂತ ಕೈಸನ್ನೆ ಮಾಡಿದೆ. ದೋಸೆ ಕರಟಿ ಹೊಗೆ ಎದ್ದಿತು, ಆದರೂ ನಿಂತೆ.

"ಬಟರ್ ಬೇಡ ಮಮ್ಮಿ" ಅಂದಳು. "ನನಗೆ ಬಟರ್ ಯಾವತ್ತೂ ಇಷ್ಟ ಇರಲಿಲ್ಲ."