ಸದ್ದಿಲ್ಲದ ಬ್ಯಾಗು

ಬ್ಯಾಗಿನ ಪಟ್ಟಿ ಕಿತ್ತುಹೋದದ್ದು ಮೂರನೆಯ ಮಹಡಿಯ ಮೆಟ್ಟಿಲ ಮೇಲೆ, ಅದೂ ಲಿಫ್ಟ್ ಕೆಟ್ಟು ನಿಂತಿದ್ದ ದಿನ. ಹನ್ನೊಂದು ವರ್ಷ ಹೆಗಲು ಬಿಡದೆ ಜೊತೆಗಿದ್ದ ಬ್ಯಾಗು ಹೇಳದೆ ಕೇಳದೆ ಕೈಕೊಟ್ಟಿತು. ಲ್ಯಾಪ್‌ಟಾಪಿನ ಮೂಲೆ ಜಜ್ಜಿತು. ಬ್ಯಾಟರಿಯ ಡಬ್ಬಿ ಬಾಯಿಬಿಟ್ಟು, ಅಂಗಿಯ ಗುಂಡಿಯಷ್ಟಿದ್ದ ಬ್ಯಾಟರಿಗಳು ಒಂದರ ಹಿಂದೆ ಒಂದು ಮೆಟ್ಟಿಲಿಳಿದು ಹೊರಟವು. ಅವಳು ಮಂಡಿಯೂರಿ ಅವನ್ನು ಹೆಕ್ಕುತ್ತ, "ಒಳ್ಳೆ ಹೊತ್ತು ನೋಡ್ಕೊಂಡೆ ಕಣೋ," ಎಂದು ಬ್ಯಾಗಿಗೆ ಬೈದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು ಉಳಿದ ಒಂದು ಮಹಡಿ ಹತ್ತಿದಳು. ಮೇಲೆ ಒಬ್ಬ ಅಜ್ಜಿ ಬೆಳಗಿನಿಂದ ಅವಳಿಗಾಗಿ ಕಾದು ಕೂತಿದ್ದರು.

ಕಿವಿ ಮಂದವಾದವರ ಮನೆಗೆ ಹೋಗಿ ಪರೀಕ್ಷೆ ಮಾಡುವುದು, ಕಿವಿ ಮೆಷಿನ್ ಕೂರಿಸುವುದು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಅವರವರ ಕಿವಿಗೆ ತಕ್ಕಂತೆ ಸದ್ದು ಹೊಂದಿಸುವುದು ಅವಳ ಕೆಲಸ. ಜನ ಅವಳನ್ನು ಕಿವಿ ಡಾಕ್ಟರಮ್ಮ ಎನ್ನುತ್ತಾರೆ. "ಡಾಕ್ಟರ್ ಅಲ್ಲ, ಮೆಷಿನ್ ಹಾಕೋಳು" ಎಂದು ಮೊದಮೊದಲು ತಿದ್ದುತ್ತಿದ್ದಳು. ಮೆಷಿನ್ ಹಾಕುವ ಮೊದಲು ಹೇಳಿದರೆ ಅವರಿಗೆ ಕೇಳಿಸುತ್ತಿರಲಿಲ್ಲ, ಹಾಕಿದ ಮೇಲೆ ಹೇಳಿದರೆ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಈಗ ಆ ಉಸಾಬರಿ ಬಿಟ್ಟಿದ್ದಾಳೆ.

ಆದರೆ ಒಂದು ವಿಷಯದಲ್ಲಿ ಅವಳು ಬಲು ಬಿಗಿ. ಮೆಷಿನ್ ಆನ್ ಮಾಡುವ ಮುಂಚೆ ಕಿಟಕಿ ಮುಚ್ಚಬೇಕು, ಫ್ಯಾನ್ ನಿಲ್ಲಿಸಬೇಕು, ಟಿವಿಯ ಬಾಯಿ ಮುಚ್ಚಿಸಬೇಕು. ಸಾಮಾನೆಲ್ಲ ಹೊರಗೆ ತೆಗೆದುಕೊಂಡು ಬ್ಯಾಗನ್ನು ಪಕ್ಕದ ಕೋಣೆಯಲ್ಲಿ ಇಡಬೇಕು. ಯಾಕೆಂದರೆ ಅದರ ಮುಚ್ಚಳಕ್ಕೆ ಅಂಗೈ ಅಗಲದ ವೆಲ್ಕ್ರೋ ಪಟ್ಟಿ, ಎಳೆದರೆ ಪರ್‍ರೆಂದು ಬಟ್ಟೆ ಹರಿದ ಸದ್ದು. ಎಲ್ಲ ನಿಶ್ಶಬ್ದವಾದ ಮೇಲೆ ಮನೆಯವರಲ್ಲಿ ತೀರಾ ಬೇಕಾದವರೊಬ್ಬರು ಪಕ್ಕದಲ್ಲಿ ಕೂತು, ದಿನಾ ಹೇಗೆ ಕರೆಯುತ್ತಾರೋ ಹಾಗೇ ಮೆಲ್ಲಗೆ ಒಂದು ಸಲ ಕರೆಯಬೇಕು. ವರ್ಷಗಟ್ಟಲೆ ಬೀಗ ಬಿದ್ದಿದ್ದ ಕಿವಿಗೆ ಮೊದಲು ಬೀಳುವುದು ಆ ದನಿಯೇ ಆಗಬೇಕು. "ಮೊದಲನೇ ಸದ್ದು ಚೆನ್ನಾಗಿದ್ರೆ ಮೆಷಿನ್ ಕಿವೀಲಿರುತ್ತೆ, ಇಲ್ದಿದ್ರೆ ಡಬ್ಬೀಲಿರುತ್ತೆ" ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದ ಅವಳ ಸ್ವಂತ ಅಪ್ಪನ ಮೆಷಿನ್ ಇದ್ದದ್ದು ಗುಂಡಿ ಹಾಕಿಡುವ ತಗಡಿನ ಡಬ್ಬಿಯಲ್ಲಿ.

ಅಪ್ಪ ನಲವತ್ತು ವರ್ಷ ಲಾರಿಗೆ ಟಾರ್ಪಾಲು, ಕೆಲಸಗಾರರಿಗೆ ಡೇರೆ ಹೊಲಿದವನು. ಓಣಿಯಲ್ಲಿ ಈಗಲೂ ಟಾರ್ಪಾಲ್ ತಾತ ಎಂದರೆ ಅವನ ಮನೆಯ ಕಡೆಗೇ ಬೆರಳು ತೋರಿಸುತ್ತಾರೆ. ಹೊಲಿದದ್ದನ್ನು ಗಿರಾಕಿಯ ಕೈಗೆ ಕೊಡುವ ಮುಂಚೆ ಅವನು ಅದನ್ನು ಹಗ್ಗ ಕಟ್ಟಿ ಮೇಲೆತ್ತಿ, ತಾನೇ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಮಗಳ ಕೈಯಲ್ಲಿ ಮೇಲಿನಿಂದ ಬಕೆಟ್ಟುಗಟ್ಟಲೆ ನೀರು ಹೊಯ್ಯಿಸುತ್ತಿದ್ದ. ತಲೆ ಮೇಲೆ ಒಂದು ಹನಿ ಬಿದ್ದರೂ ಮುಗಿಯಿತು, ಇಡೀ ಹೊಲಿಗೆ ಬಿಚ್ಚಬೇಕು. ಬೇರೆಯವರು ನೋಡಿ ಸರಿಯಾಗಿದೆ ಎಂದರೆ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಅದೊಂದು ಆಟ. ಅಪ್ಪನ ತಲೆ ಮೇಲೆ ನೀರು ಸುರಿಯಲು ಅಪ್ಪನೇ ಹೇಳುವ ಮನೆಗಳು ಎಷ್ಟಿರುತ್ತವೆ?

ಟಾರ್ಪಾಲಿನ ಅಂಚಿಗೆ ಹಗ್ಗ ತೂರಿಸುವ ಹಿತ್ತಾಳೆ ಕಣ್ಣುಗಳನ್ನು ಬಡಿದೂ ಬಡಿದೂ ಸುತ್ತಿಗೆಯ ಸದ್ದೇ ಅವನ ಕಿವಿಯನ್ನು ತಿಂದಿತು. ಹೆಂಡತಿ ತೀರಿಕೊಂಡ ಮೇಲಂತೂ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ, ಮಾತೆಲ್ಲ ಕಿರುಚಾಟ. ಕಿರುಚುವಾಗ ಮನುಷ್ಯರ ಮುಖ ಹೇಗಾಗುತ್ತದೆ ಎಂದು ಕನ್ನಡಿಯಲ್ಲಿ ನೋಡಿಕೊಂಡವರು ಕಡಿಮೆ. ಹುಬ್ಬು ಗಂಟಾಗುತ್ತದೆ, ಕತ್ತಿನ ನರ ಉಬ್ಬುತ್ತದೆ. ದನಿ ಸರಿಯಾಗಿ ಕೇಳಿಸದ ಅಪ್ಪನಿಗೆ ಆ ಮುಖ ಮಾತ್ರ ಕಾಣಿಸುತ್ತಿತ್ತು.

"ಮೊದಲು ಹಿಂಗಿರ್ಲಿಲ್ಲ ನೀನು," ಎನ್ನುತ್ತಿದ್ದ. "ಈಗ ಬಾಯಿ ತೆಗೆದ್ರೆ ರೇಗ್ತೀಯ."

"ರೇಗ್ತಿಲ್ಲಪ್ಪಾ!" ಎಂದು ಅವಳು ಇನ್ನಷ್ಟು ಕಿರುಚುತ್ತಿದ್ದಳು. ಮುಖ ಇನ್ನಷ್ಟು ಕೆಂಪಾಗುತ್ತಿತ್ತು. ಅಪ್ಪ ತಲೆ ತಗ್ಗಿಸಿ ತನ್ನ ತಟ್ಟೆಯನ್ನು ತಾನೇ ತೊಳೆಯಲು ಎದ್ದು ಹೋಗುತ್ತಿದ್ದ.

ಒಂದು ವರ್ಷದ ಹಿಂದೆ ಅವನಿಗೂ ಮೆಷಿನ್ ತಂದಳು. ಪರೀಕ್ಷೆಗೆ ಕೂತುಕೋ ಅಂದರೆ, "ಕುಂಯ್ ಅಂದಾಗಲೆಲ್ಲ ಕೈ ಎತ್ತೋಕೆ ನಾನೇನು ಸ್ಕೂಲ್ ಮಗುನಾ?" ಎಂದು ಮುಖ ತಿರುಗಿಸಿದ. ಸರಿ, ಮನೆಯ ಕಿವಿ ತಾನೇ ಎಂದು ಅವಳೇ ಅಂದಾಜಿನ ಮೇಲೆ ಸದ್ದು ಹೊಂದಿಸಿದಳು, ಚೆನ್ನಾಗಿ ಕೇಳಿಸಲಿ ಎಂಬ ಆಸೆಗೆ ಬಿದ್ದು ಎರಡು ಹೆಜ್ಜೆ ಹೆಚ್ಚೇ ಇಟ್ಟಳು. ಆನ್ ಮಾಡಿದ ಮೇಲೆ ಯಾವುದೋ ವೈರು ನೆನಪಾಯಿತು. ಬ್ಯಾಗು ಅಪ್ಪನ ಕಿವಿಯ ಪಕ್ಕದಲ್ಲೇ, ಮೇಜಿನ ಮೇಲಿತ್ತು. ಅದರ ಮುಚ್ಚಳ ಎಳೆದಳು.

ಅಪ್ಪ ಕುರ್ಚಿಯಿಂದ ಹಾರಿಬಿದ್ದ. ನಲವತ್ತು ವರ್ಷ ಬಟ್ಟೆ ಹರಿಯದಂತೆ ನೋಡಿಕೊಂಡವನಿಗೆ ಐದು ವರ್ಷಗಳ ಮೇಲೆ ಸ್ಪಷ್ಟವಾಗಿ ಕೇಳಿಸಿದ ಮೊದಲ ಸದ್ದು, ತಲೆಯೊಳಗೇ ಡೇರೆಯೊಂದು ಅಂಚಿನಿಂದ ಅಂಚಿಗೆ ಹರಿದದ್ದು. ಮೆಷಿನ್ ಕಿತ್ತು ಮೇಜಿನ ಮೇಲೆ ಹಾಕಿದ. "ಎಲ್ಲಾ ಹರಿದುಹೋಗೋ ಹಾಗೆ ಕೇಳಿಸುತ್ತೆ. ನಂಗಿದು ಬೇಡಮ್ಮ" ಎಂದ. ತಪ್ಪು ಮೆಷಿನ್ನಿನದಲ್ಲ, ತನ್ನದು ಎಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು ಮನೆಯಲ್ಲಿ ಮಾಡಿದ ಘನಕಾರ್ಯವನ್ನು ಕಿರುಚಿ ಹೇಳುವುದು ಹೇಗೆ? ಇವತ್ತು ನಾಳೆ ಎನ್ನುತ್ತ ವರ್ಷ ಕಳೆಯಿತು.

ಈಗ ಬ್ಯಾಗು ಹರಿದಾಗ ಅವಳಿಗೆ ಒಳಗೊಳಗೇ ಸಮಾಧಾನವೂ ಆಯಿತು. ಹೊಸದು ತರುವುದಾದರೆ ಸದ್ದು ಮಾಡದ ಬ್ಯಾಗೇ ತರಬೇಕು. ಅದನ್ನಿಟ್ಟುಕೊಂಡು ಅಪ್ಪನನ್ನು ಇನ್ನೊಂದೇ ಒಂದು ಸಲ ಕೇಳಿ ನೋಡಬೇಕು. ಅಂಗಡಿಗೆ ಹೊರಟಾಗ ಅಪ್ಪನೂ ಚಪ್ಪಲಿ ಮೆಟ್ಟಿದ. "ಹೊಲಿಗೆ ನೋಡೋದು ನಿಂಗೇನ್ ಗೊತ್ತು? ಬಣ್ಣ ನೋಡಿ ತಂದುಬಿಡ್ತೀಯ," ಎಂದ.

ಬ್ಯಾಗಿನ ಅಂಗಡಿಯವನು ಮಾತಿನ ಮಲ್ಲ. "ಇದು ನೋಡಿ ಮೇಡಂ, ಮಳೇಲಿ ನೆನೆಯಲ್ಲ, ಲಾರಿ ಹತ್ತಿದ್ರೂ ಏನಾಗಲ್ಲ," ಎಂದು ಒಂದೊಂದನ್ನೂ ಹೊಗಳಿ ಅಟ್ಟಕ್ಕೇರಿಸಿದ. ಅಪ್ಪ ಅವನ ಬಾಯಿಯ ಕಡೆ ನೋಡಲೇ ಇಲ್ಲ. ಬ್ಯಾಗುಗಳ ಒಳಗನ್ನು ಹೊರಗು ಮಾಡಿ, ಹೊಲಿಗೆಯ ಮೇಲೆ ಉಗುರು ಓಡಿಸಿ, ಪಟ್ಟಿ ಸೇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಅಂಗಡಿಯವನ ಜೀವ ಬಾಯಿಗೆ ಬಂತು. ಅವಳೋ ಪ್ರತಿ ಬ್ಯಾಗನ್ನೂ ಕಿವಿಯ ಹತ್ತಿರ ಹಿಡಿದು ಮುಚ್ಚಳ ತೆರೆದು ಮುಚ್ಚಿ ನೋಡುತ್ತಿದ್ದಳು.

"ಮೇಡಂ, ಬ್ಯಾಗ್ ಮಾತಾಡಲ್ಲ," ಎಂದ ಅವನು ಕೊನೆಗೆ.

"ಮಾತಾಡಬಾರದು ಅಂತಾನೇ ನೋಡ್ತಿರೋದು," ಎಂದಳು.

ಅಯಸ್ಕಾಂತದ ಗುಂಡಿಯ ಬ್ಯಾಗೊಂದು ಬಹಳ ಮೆತ್ತಗೆ ಮುಚ್ಚಿತು, ಆದರೆ ಅದರ ಪಟ್ಟಿ ಅಪ್ಪನ ಎರಡನೆಯ ಜಗ್ಗಾಟಕ್ಕೇ ದಾರ ಬಿಟ್ಟಿತು. ಅಪ್ಪ ಮೂಗು ಮುರಿದು ಅದನ್ನು ಆಚೆ ತಳ್ಳಿದ. ಅವನು ಕೊನೆಗೆ ಎತ್ತಿಕೊಂಡದ್ದು ಮಣ್ಣಿನ ಬಣ್ಣದ ದಪ್ಪ ಕ್ಯಾನ್ವಾಸಿನ ಬ್ಯಾಗು. ಉದ್ದಕ್ಕೂ ಜೋಡಿ ಹೊಲಿಗೆ, ತಳಕ್ಕೆ ಎರಡು ಪದರ, ಲ್ಯಾಪ್‌ಟಾಪಿಗೆ ಮೆತ್ತನೆಯ ಗೂಡು, ವೈರು, ಹೆಡ್‌ಫೋನು, ಬ್ಯಾಟರಿಗಳಿಗೆ ಬೇರೆ ಬೇರೆ ಜೇಬು, ಬಸ್ಸಿನಲ್ಲಿ ನಿಂತೇ ಒಂದು ಕೈಯಲ್ಲಿ ತೆಗೆಯುವಂತೆ ಸೊಂಟದ ಪಕ್ಕಕ್ಕೆ ಬರುವ ಪಟ್ಟಿ. "ಇದನ್ನ ಹೊಲಿದೋನು ಕೆಲಸ ಕಲ್ತೋನು" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅವಳು ಮುಚ್ಚಳ ಎತ್ತಿದಳು. ಪರ್‍ರೆಂದಿತು. ಒಂದಲ್ಲ, ಎರಡು ವೆಲ್ಕ್ರೋ ಪಟ್ಟಿ.

"ಬೇಡಪ್ಪ," ಎಂದು ತಲೆಯಾಡಿಸಿದಳು.

"ಯಾಕೆ ಬೇಡ? ಇದಕ್ಕೇನಾಗಿದೆ?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಕಿರುಚಿ ಹೇಳುವ ಮಾತಲ್ಲ. ಇನ್ನು ಮುಚ್ಚಿಡುವುದೂ ಅವಳ ಕೈಯಲ್ಲಿ ಆಗಲಿಲ್ಲ. ಬ್ಯಾಗಿಗೆ ಕಟ್ಟಿದ್ದ ಬೆಲೆಚೀಟಿಯನ್ನು ತಿರುಗಿಸಿ, ಅಂಗಡಿಯವನ ಪೆನ್ನು ಕಸಿದುಕೊಂಡು ಬರೆದಳು: 'ಅವತ್ತು ಹರಿದ ಸದ್ದು ಮೆಷಿನ್ನಿನದಲ್ಲ. ನನ್ನ ಬ್ಯಾಗಿನದು. ನಿನ್ನ ಕಿವಿ ಪಕ್ಕದಲ್ಲೇ ಎಳೆದುಬಿಟ್ಟೆ. ತಪ್ಪು ನನ್ನದು ಅಪ್ಪ.'

"ಬರೆದ ಮೇಲೆ ವಾಪಸ್ ತಗೊಳಲ್ಲ ಮೇಡಂ," ಎಂದ ಅಂಗಡಿಯವನು.

ಅಪ್ಪ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿದ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. "ಇದನ್ನೇ ಕಟ್ಟಿ ಕೊಡಪ್ಪ" ಎಂದು ಬ್ಯಾಗನ್ನು ಅಂಗಡಿಯವನ ಮುಂದಿಟ್ಟ. ಬಸ್ಸಿನಲ್ಲಿ ಕಿಟಕಿಯಾಚೆಗೇ ನೋಡುತ್ತ ಕೂತ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಮರುದಿನ ಅವಳು ಕೆಲಸದಿಂದ ಬಂದಾಗ ಹೊಸ ಬ್ಯಾಗು ಅಪ್ಪನ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಬ್ಲೇಡಿನ ತುದಿಯಿಂದ ವೆಲ್ಕ್ರೋದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಅದರ ಮಾರನೆಯ ದಿನ ಹಳೆಯ ಪೆಟ್ಟಿಗೆಯಿಂದ ದಬ್ಬಳ, ಮೇಣ, ಹುರಿ ಹೊರಗೆ ಬಂದವು. ಡೇರೆಯ ಬಾಗಿಲಿಗೆ ಹಾಕುತ್ತಿದ್ದ ಮರದ ಗುಂಡಿಗಳು ಎರಡು ಉಳಿದಿದ್ದವು, ಬೆರಳುದ್ದದವು. ಮೇಣ ಸವರಿದ ಹುರಿಯಲ್ಲಿ ಅವಕ್ಕೆ ಕುಣಿಕೆ ಹೆಣೆದ. ಬೆರಳು ಮೊದಲಿನಂತೆ ಬಗ್ಗುತ್ತಿರಲಿಲ್ಲ, ದಬ್ಬಳ ಎರಡು ಸಲ ಚುಚ್ಚಿತು. ಅವಳು ಸಹಾಯಕ್ಕೆ ಹೋದರೆ, ಹೋಗು ಹೋಗು ಎಂದು ಕೈ ಬೀಸಿದ.

ರಜೆಯ ದಿನ ಬೆಳಗ್ಗೆ ಅಪ್ಪ ಬ್ಯಾಗನ್ನೂ ಗುಂಡಿಯ ಡಬ್ಬಿಯನ್ನೂ ತಂದು ಅವಳ ಮುಂದಿಟ್ಟ.

"ಮುಗೀತು. ಆದ್ರೆ ಸದ್ದು ಬರುತ್ತೋ ಇಲ್ವೋ ನೋಡ್ದೆ ಕೊಡೋಕಾಗಲ್ಲ."

ಅವಳು ಬ್ಯಾಗು ಎತ್ತಿಕೊಂಡಳು. "ನಾನು ಕೇಳಿ ಹೇಳ್ತೀನಪ್ಪಾ!" ಎಂದು ಕಿರುಚಿದಳು.

"ನೀನು ಹೇಳಿದ್ರೆ ಹೇಗಾಗುತ್ತೆ?" ಅಪ್ಪ ಡಬ್ಬಿಯ ಮುಚ್ಚಳ ತೆಗೆದು, ಗುಂಡಿಗಳ ನಡುವಿನಿಂದ ಮೆಷಿನ್ನನ್ನು ಹೆಕ್ಕಿ ಅವಳ ಕಡೆ ಚಾಚಿದ. "ಕೆಳಗೆ ಕೂರೋನು ನಾನು."

ಅವಳು ಸಾಮಾನು ತೆಗೆದಳು. ಈ ಸಲ ಅಂದಾಜಿನ ಮಾತೇ ಇಲ್ಲ. ಹೆಡ್‌ಫೋನ್ ಹಾಕಿ ಪರೀಕ್ಷೆಗೆ ಕೂರಿಸಿದಳು. ಕುಂಯ್ ಅಂದಾಗಲೆಲ್ಲ ಎಪ್ಪತ್ತೆಂಟು ವರ್ಷದ ಮನುಷ್ಯ ಶಿಸ್ತಾಗಿ ಕೈ ಎತ್ತಿದ. ಲೆಕ್ಕಕ್ಕೆ ಬಂದದ್ದಕ್ಕಿಂತ ಒಂದು ಹೆಜ್ಜೆ ಕೆಳಗೇ ಸದ್ದು ಇಟ್ಟಳು. ಕಿಟಕಿ ಮುಚ್ಚಿದಳು, ಫ್ಯಾನ್ ನಿಲ್ಲಿಸಿದಳು. ಮೆಷಿನ್ ಕೂರಿಸಿ ಆನ್ ಮಾಡಿ, ಬ್ಯಾಗನ್ನು ಅವನ ಮಡಿಲಿಗಿಟ್ಟಳು.

ಅಪ್ಪ ಉಸಿರು ಬಿಗಿಹಿಡಿದು ಮೊದಲನೆಯ ಗುಂಡಿಯನ್ನು ಕುಣಿಕೆಯಿಂದ ಜಾರಿಸಿದ. ಎರಡನೆಯದನ್ನೂ ಜಾರಿಸಿದ. ಕಣ್ಣು ಮುಚ್ಚಿ ಮುಚ್ಚಳ ಎತ್ತಿದ. ಏನೂ ಕೇಳಿಸಲಿಲ್ಲ. ಮತ್ತೆ ಮುಚ್ಚಿ ಮತ್ತೆ ತೆರೆದ. ಅವನ ಮುಖ ಇಳಿಯಿತು. ಮೆಷಿನ್ ಸತ್ತಿದೆ ಎನ್ನುವಂತೆ ಕೈಯಾಡಿಸಿ, ತೆಗೆದಿಡಲು ಕಿವಿಗೆ ಕೈ ಹಾಕಿದ.

ಬೇರೆಯವರ ಮನೆಗಳಲ್ಲಿ ಈ ಗಳಿಗೆಗೆ ಅವಳು ಹೆಂಡತಿಯ ಕಡೆಗೋ ಮೊಮ್ಮಗಳ ಕಡೆಗೋ ಬೆರಳು ಮಾಡುತ್ತಿದ್ದಳು. ಈ ಮನೆಯಲ್ಲಿ ಕರೆಯಬೇಕಾದವಳು ಅವಳೇ. ಕಿರುಚದೆ ಕರೆಯುವುದು ಹೇಗೆಂದು ಒಂದು ಕ್ಷಣ ಮರೆತೇ ಹೋಗಿತ್ತು.

"ಅಪ್ಪಾ," ಎಂದಳು.

ಅವನ ಕೈ ಅಲ್ಲೇ ನಿಂತಿತು. ನಿಧಾನವಾಗಿ ತಿರುಗಿ ಅವಳ ಮುಖವನ್ನು ನೋಡಿದ. ಹುಬ್ಬು ಗಂಟಾಗಿರಲಿಲ್ಲ, ಕತ್ತಿನ ನರ ಉಬ್ಬಿರಲಿಲ್ಲ. ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

"ರೇಗ್ತಿಲ್ಲ ನೀನು!" ಎಂದ ಅಪ್ಪ, ಎಂದಿನ ದೊಡ್ಡ ಗಂಟಲಲ್ಲಿ. ತನ್ನ ದನಿಗೆ ತಾನೇ ಬೆಚ್ಚಿಬಿದ್ದು, ಅದನ್ನು ತಗ್ಗಿಸಿ ಇನ್ನೊಮ್ಮೆ ಹೇಳಿದ. "ನೀನು ರೇಗ್ತಿಲ್ಲ."

"ಯಾವತ್ತೂ ರೇಗಿಲ್ಲಪ್ಪ."

ಅಪ್ಪ ಬ್ಯಾಗಿನ ಮುಚ್ಚಳ ಹಾಕಿದ, ಗುಂಡಿಗಳನ್ನು ಕುಣಿಕೆಗೆ ಸಿಕ್ಕಿಸಿದ, ಅದನ್ನು ಅವಳ ಕೈಗೆ ಕೊಟ್ಟ. ಕೊಟ್ಟ ಮೇಲೂ ಪಟ್ಟಿಯನ್ನು ಬಿಡಲಿಲ್ಲ.

"ಇನ್ನೊಂದ್ ಸಲ ಕರಿ," ಎಂದ.

ಅವಳು ಕರೆದಳು, ಅಷ್ಟೇ ಮೆಲ್ಲಗೆ.