ಕಾಕಾನ ದನಿ, ನನ್ನ ಬಾಯಿ

ತಪ್ಪು ನನ್ನದೇ. ಕಂಡವರ ದನಿಯಲ್ಲೆಲ್ಲ ಮಾತಾಡುವ ಚಟ ನನಗೆ; ನನ್ನ ಸ್ವಂತ ದನಿ ಯಾವುದೆಂದು ಹೆತ್ತವ್ವನಿಗೂ ಅನುಮಾನ. ಮೊನ್ನೆ ಅಥಣಿ ರಸ್ತೆಯ ಅಂಗಡಿಯಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆ ಬಿಚ್ಚಿದರು. ಆ ಹುಳಿಸಿಹಿ ವಾಸನೆಗೆ ತಿಕೋಟಾದ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು...

ಕಾಕಾ ಒಣದ್ರಾಕ್ಷಿಯ ಹರಾಜಿನಲ್ಲಿ ಸವಾಲು ಕೂಗುತ್ತಿದ್ದರು. ಕೂಗಿ ಕೂಗಿ ಗಂಟಲೊಳಗೆ ಗಂಟು ಬೆಳೆದು ಆಪರೇಶನ್ ಆಯಿತು. "ನಾ ಹೇಳೂತನಕ ಮಾತಿಲ್ಲ, ಪಿಸುಮಾತೂ ಇಲ್ಲ. ತಪ್ಪಿದ್ರ ದನಿ ಹೋತು," ಎಂದಿದ್ದರು ಡಾಕ್ಟರು. ಹಾದುಹೋಗುವವರು 'ಶರಣ್ರಿ' ಎಂದರೆ ರೂಢಿಯಂತೆ ಉತ್ತರ ಬಂದೀತೆಂದು ಅವರ ಹೆಂಡತಿ, ನಮ್ಮ ಕಾಕು, ಬೀದಿಯ ಕಿಟಕಿಗೂ ಅಗುಳಿ ಹಾಕಿದರು. ಕರೆಯಲೆಂದು ಕೈಗೊಂದು ಆಡಿನ ಗಂಟೆ ಕೊಟ್ಟರು. ಅಲುಗಿಸಿದರೆ ಕಾಕುಗಿಂತ ಮೊದಲು ನಮ್ಮ ಆಡು ಬಾಗಿಲಿಗೆ ಬರುತ್ತಿತ್ತು. ಕಾಕಾ ನಗುವಂತೆಯೂ ಇರಲಿಲ್ಲ. ಕತ್ತಲ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದರು...

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಬಬಲೇಶ್ವರದಿಂದ ಮಗಳ ಫೋನು. ಕಾಕು ಹಿತ್ತಲಲ್ಲಿದ್ದರು. ಕಾಕಾ ಗಂಟೆಗೆ ಕೈ ಚಾಚುವಷ್ಟರಲ್ಲಿ ನಾನು ಫೋನೆತ್ತಿ, ಅವರದೇ ದನಿಯಲ್ಲಿ "ಏನವಾ ಮಗಳ, ಉಂಡೇನು?" ಎಂದೆ.

ಆ ಕಡೆಯಿಂದ ಬೆಂಕಿ. "ಯಪ್ಪಾ! ಮಾತಾಡಬ್ಯಾಡ ಅಂದ್ರ ತಿಳಿಯಂಗಿಲ್ಲೇನ? ದನಿ ಹೋದ್ರ ಏನ್ ಮಾಡ್ತಿ?" ಎಂದವಳು ಅಳತೊಡಗಿದಳು.

ನಾನಲ್ಲ ಅನ್ನಲು ಕಾಕಾಗೆ ಬಾಯಿಲ್ಲ. ಎದ್ದು ನಿಂತರು. ಕುತ್ತಿಗೆಯ ನರ ಉಬ್ಬಿತು, ತುಟಿ ಬಿಚ್ಚಿತು... ಮಗಳ ಸಮಾಧಾನಕ್ಕೆ ಮಾತಾಡಿಯೇಬಿಡುತ್ತಿದ್ದರು. ನಾನು ಹಾರಿ ಅವರ ಬಾಯಿಗೆ ಅಂಗೈ ಒತ್ತಿ, "ಅಕ್ಕಾ, ನಾನ್ರಿ, ಬಾಜೂ ಮನಿ ಮಂಗ್ಯಾ! ಕಾಕಾ ತುಟಿ ಪಿಟಕ್ ಅಂದಿಲ್ಲ!" ಎಂದು ಒದರಿದೆ.

ಅಕ್ಕ ನಂಬಲಿಲ್ಲ. ಸಂಜೆಯ ಬಸ್ಸಿಗೆ ಬಂದಿಳಿದು, ಅಪ್ಪನ ಬಾಯಿಗೆ ಸೆರಗು ಹಿಡಿದು, "ಈಗ ನೀ ಮಾತಾಡಲೇ," ಎಂದಳು ನನಗೆ. ಕಾಕಾನ ದನಿಯಲ್ಲೇ ಮಾತಾಡಿದೆ. ಬೆನ್ನಿಗೊಂದು ಬಿತ್ತು. ಕಾಕಾ ನಗು ತಡೆಯಲು ದಿಂಬು ಕಚ್ಚಿದರು. ಕಣ್ಣು ಮಾತ್ರ ತುಂಬಿತ್ತು. ಅವರ ದನಿ ನನ್ನ ಬಾಯಲ್ಲಿ ಊರೆಲ್ಲ ಅಲೆಯುತ್ತಿತ್ತು, ಅವರು ಆ ಕೋಣೆಯಲ್ಲಿ.

ಮಾತು ಮರಳಿತು, ಆದರೆ ತೆಳ್ಳಗೆ. ಸವಾಲಿಗೆ ನಿಂತರೆ ಹಿಂದಿನವರಿಗೆ ಕೇಳುತ್ತಿರಲಿಲ್ಲ. ಮತ್ತೆ ಕೂಗಲಿಲ್ಲ. ಹೋದ ವರ್ಷ ಕಾಕಾ ತೀರಿಕೊಂಡರು.

ಮೊನ್ನೆ ಆ ಅಂಗಡಿಯಿಂದ ನೇರ ತಿಕೋಟಾಕ್ಕೆ ಹೋದೆ. ಕಾಕು ಜೋಳ ಹಸನು ಮಾಡುತ್ತಿದ್ದರು. ನಗಿಸೋಣವೆಂದು, "ಕಾಕಾನ ಹಳೀ ದನಿ ತಗೀಲೇನ್ರಿ ಕಾಕು?" ಎಂದೆ.

ಮೊರದಿಂದ ಕಣ್ಣೆತ್ತದೆ ಹೇಳಿದರು: "ಬ್ಯಾಡೋ ಯಪ್ಪಾ. ಆ ದನಿ ಕೇಳಿದ್ರ ಚಾ ಇಡಾಕ ಎದ್ದಬಿಡ್ತೇನಿ ನಾ."